ಗ್ವಾನಹ್ವಾತೊ: ಜೋಳದ ಉಗ್ರಾಣ ಕೋಟೆಯಾದ ದಿನ

ಇವತ್ತಿನ ಎಪಿಸೋಡ್‌ನಲ್ಲಿ ನಾವು ಹೋಗ್ತಿರೋದು ಮೆಕ್ಸಿಕೋದ ಗ್ವಾನಹ್ವಾತೊ ನಗರಕ್ಕೆ. ಸಮುದ್ರ ಮಟ್ಟದಿಂದ ಸುಮಾರು 2,000 ಮೀಟರ್ ಎತ್ತರ. ಕಿರಿದಾದ ಕಣಿವೆ, ಎರಡೂ ಕಡೆ ಬೆಟ್ಟಕ್ಕೆ ಅಂಟಿಕೊಂಡ ಹಳದಿ, ಗುಲಾಬಿ, ನೀಲಿ ಮನೆಗಳು. ಇನ್‌ಸ್ಟಾದಲ್ಲಿ ಈ ಫೋಟೊ ನೀವು ನೋಡೇ ಇರ್ತೀರಿ.

ನಾನು ಕಾಮರ್ಸ್ ಓದಿದವನು, ಹಾಗಾಗಿ ನನ್ನ ಮೊದಲ ಪ್ರಶ್ನೆ: ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಊರು ಕಟ್ಟೋಕೆ ದುಡ್ಡು ಎಲ್ಲಿಂದ ಬಂತು? ಉತ್ತರ: ಬೆಳ್ಳಿ. 16ನೇ ಶತಮಾನದಲ್ಲಿ ಇಲ್ಲಿ ಬೆಳ್ಳಿ ಸಿಕ್ಕಿತು. 18ನೇ ಶತಮಾನದ ಕೊನೆಗೆ ಇಲ್ಲಿನ ವಲೆನ್ಸಿಯಾನಾ ಗಣಿ ಜಗತ್ತಿನ ಅತಿ ಶ್ರೀಮಂತ ಬೆಳ್ಳಿ ಗಣಿಗಳಲ್ಲೊಂದು. ಮೆಕ್ಸಿಕೋದ ಬೆಳ್ಳಿ ನಾಣ್ಯಗಳು ಯುರೋಪಿಗೆ, ಮನಿಲಾ ದಾರಿಯಾಗಿ ಏಷ್ಯಾಕ್ಕೆ ಹೋದವು. ಯುರೋಪಿನ ಕಂಪನಿಗಳು ಭಾರತದ ಬಟ್ಟೆ ಕೊಳ್ಳೋಕೆ ಕೊಟ್ಟಿದ್ದೂ ಅಮೆರಿಕ ಖಂಡದ ಬೆಳ್ಳಿಯನ್ನೇ.

ಗಣಿಯ ಪಕ್ಕದಲ್ಲೇ 1788ರಲ್ಲಿ ಮುಗಿದ ಸಾನ್ ಕಾಯೆತಾನೊ ಚರ್ಚ್ ಇದೆ. ಒಳಗೆ ಚಿನ್ನದ ಲೇಪದ ಭಾರೀ ಬಲಿಪೀಠಗಳು. ಒಂದು ಕಡೆ ಈ ಹೊಳಪು, ಇನ್ನೊಂದು ಕಡೆ ಕತ್ತಲ ಗಣಿಯಿಂದ ಅದಿರಿನ ಮೂಟೆ ಬೆನ್ನ ಮೇಲೆ ಹೊತ್ತು ಮೇಲೆ ಬರ್ತಿದ್ದ ಕೂಲಿಗಳು. ಈ ಅಂತರ ನೆನಪಿಟ್ಕೊಳ್ಳಿ.

ಈಗ ಮುಖ್ಯ ಕಟ್ಟಡಕ್ಕೆ ಬರೋಣ. ಹೆಸರು ಅಲೊಂದಿಗಾ ದೆ ಗ್ರನಾದಿತಾಸ್. ಅಲೊಂದಿಗಾ ಅಂದ್ರೆ ಧಾನ್ಯದ ಉಗ್ರಾಣ. 1785-86ರಲ್ಲಿ ಈ ಭಾಗದಲ್ಲಿ ಭೀಕರ ಬರ ಬಂದಿತ್ತು. ಮತ್ತೆ ಹಾಗಾದ್ರೆ ಊರಿಗೆ ಜೋಳ ಇರಲಿ ಅಂತ ಇಲ್ಲಿನ ಸ್ಪ್ಯಾನಿಷ್ ಆಡಳಿತಾಧಿಕಾರಿ ರಿಯಾನ್ಯೊ ಇದನ್ನ ಕಟ್ಟಿಸಿದ. 1809ರಲ್ಲಿ ಕೆಲಸ ಮುಗಿಯಿತು. ದಪ್ಪ ಗೋಡೆ, ಎತ್ತರದಲ್ಲಿ ಸಣ್ಣ ಸಣ್ಣ ಕಿಟಕಿ. ಧಾನ್ಯ ಕಾಪಾಡೋಕೆ ಮಾಡಿದ ವಿನ್ಯಾಸ. ಆದ್ರೆ ದೂರದಿಂದ ನೋಡಿದ್ರೆ ಥೇಟ್ ಕೋಟೆ!

ಮರುವರ್ಷವೇ ಅದು ಕೋಟೆಯಾಯ್ತು. 1810ರ ಸೆಪ್ಟೆಂಬರ್ 16ರಂದು ದೊಲೋರೆಸ್ ಊರಿನ ಪಾದ್ರಿ ಮಿಗೆಲ್ ಇದಾಲ್ಗೊ ದಂಗೆಗೆ ಕರೆ ಕೊಟ್ಟ. ಮಳೆ ಕೈಕೊಟ್ಟು ಜೋಳದ ಬೆಲೆ ಏರಿದ್ದ ಕಾಲ ಅದು. ಸಾವಿರಾರು ಜನ ಗ್ವಾನಹ್ವಾತೊ ಕಡೆ ನಡೆದರು. ರಿಯಾನ್ಯೊ ಏನು ಮಾಡಿದ? ಸರ್ಕಾರಿ ಖಜಾನೆಯ ಬೆಳ್ಳಿ, ಸೈನಿಕರು, ಶ್ರೀಮಂತ ಸ್ಪ್ಯಾನಿಷರ ಜೊತೆ ಉಗ್ರಾಣ ಸೇರಿ ಬಾಗಿಲು ಹಾಕಿಕೊಂಡ. ಊರಿನ ಬಡವರು ಹೊರಗೆ. ಜನರಿಗಾಗಿ ಕಟ್ಟಿದ ಉಗ್ರಾಣ ಜನರಿಗೇ ಮುಚ್ಚಿತು. ಗಣಿ ಕೂಲಿಗಳು ದಂಗೆಕೋರರ ಜೊತೆ ಸೇರಿದರು.

ಸೆಪ್ಟೆಂಬರ್ 28ರಂದು ದಾಳಿ. ರಿಯಾನ್ಯೊ ಗುಂಡಿಗೆ ಬಲಿಯಾದ. ಪಿಪಿಲಾ ಅನ್ನೋ ಗಣಿ ಕೂಲಿ ಬೆನ್ನಿಗೆ ಕಲ್ಲುಚಪ್ಪಡಿ ಕಟ್ಟಿಕೊಂಡು, ಗುಂಡಿನ ಮಳೆಯಲ್ಲಿ ತೆವಳಿ ಬಾಗಿಲಿಗೆ ಬೆಂಕಿ ಇಟ್ಟ ಅಂತ ಕಥೆ. ಆತ ನಿಜವಾಗ್ಲೂ ಇದ್ನಾ ಅಂತ ಇತಿಹಾಸಕಾರರಲ್ಲಿ ವಾದವಿದೆ. ಆದ್ರೆ ಅವನ ದೊಡ್ಡ ಪ್ರತಿಮೆ ಇವತ್ತೂ ಬೆಟ್ಟದ ಮೇಲಿದೆ. ಬಾಗಿಲು ಸುಟ್ಟಮೇಲೆ ನಡೆದಿದ್ದು ಹತ್ಯಾಕಾಂಡ. ಒಳಗಿದ್ದ ನೂರಾರು ಜನ ಸತ್ತರು, ಊರು ಲೂಟಿಯಾಯ್ತು. ನವೆಂಬರ್‌ನಲ್ಲಿ ಊರನ್ನ ಮತ್ತೆ ಹಿಡಿದ ರಾಜನ ಸೇನೆಯೂ ಕರುಣೆ ತೋರಲಿಲ್ಲ, ಹಲವರನ್ನ ಕೊಂದಿತು. ಸ್ವಾತಂತ್ರ್ಯದ ಕಥೆ ಹೇಳುವಾಗ ಈ ಎರಡು ಲೆಕ್ಕವನ್ನೂ ಬಿಡೋ ಹಾಗಿಲ್ಲ.

1811ರಲ್ಲಿ ಇದಾಲ್ಗೊ, ಅಯೆಂದೆ, ಅಲ್ದಾಮಾ, ಹಿಮೆನೆಸ್ ಈ ನಾಲ್ವರನ್ನ ಕೊಂದು, ಅವರ ತಲೆಗಳನ್ನ ಪಂಜರದಲ್ಲಿಟ್ಟು ಇದೇ ಕಟ್ಟಡದ ನಾಲ್ಕು ಮೂಲೆಗೆ ನೇತುಹಾಕಿದರು. 1821ರಲ್ಲಿ ಸ್ವಾತಂತ್ರ್ಯ ಬರೋವರೆಗೂ ಅವು ಅಲ್ಲೇ ಇದ್ದವು. ಈಗ ಆ ಮೂಲೆಗಳಲ್ಲಿ ಅವರ ಹೆಸರುಗಳಿವೆ.

ಮುಂದೆ ಈ ಉಗ್ರಾಣ ಜೈಲಾಯ್ತು, ಈಗ ಮ್ಯೂಸಿಯಂ. 1988ರಲ್ಲಿ ಯುನೆಸ್ಕೊ ಇಡೀ ಹಳೇ ನಗರವನ್ನ, ಗಣಿಗಳ ಸಮೇತ, ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಪ್ರವಾಹ ತಡೆಯೋಕೆ ನದಿಯ ದಿಕ್ಕು ಬದಲಿಸಿದ್ದರಿಂದ ಅದರ ಹಳೇ ಪಾತ್ರದಲ್ಲಿ ಈಗ ನೆಲದಡಿ ಕಾರುಗಳು ಓಡ್ತವೆ.

ಯಾವತ್ತಾದ್ರೂ ಹೋದ್ರೆ ಬಣ್ಣದ ಮನೆಗಳ ಫೋಟೊ ಖಂಡಿತ ತಗೊಳ್ಳಿ. ಆಮೇಲೆ ಉಗ್ರಾಣದ ಬಾಗಿಲ ಹತ್ರ ಎರಡು ನಿಮಿಷ ನಿಲ್ಲಿ. ಗೋದಾಮು ತುಂಬಿದ್ರೆ ಸಾಕಾಗಲ್ಲ, ಬೀಗದ ಕೈ ಯಾರ ಹತ್ರ ಇದೆ ಅನ್ನೋದೇ ಮುಖ್ಯ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.