ತೆರಿಗೆ ದಾಖಲೆ ಮತ್ತು ಆದಾಯ ಅಸಮಾನತೆಯ ಅಧ್ಯಯನ

ಒಂದು ದೇಶದ ಒಟ್ಟು ಗಳಿಕೆಯಲ್ಲಿ ಅತಿ ಶ್ರೀಮಂತರ ಪಾಲೆಷ್ಟು ಎಂಬುದನ್ನು ತೆರಿಗೆ ದಾಖಲೆಗಳಿಂದ ಲೆಕ್ಕ ಹಾಕುವ ಸಂಶೋಧನೆಗೆ ಸುಮಾರು 130 ವರ್ಷಗಳ ಇತಿಹಾಸವಿದೆ. ಮನೆಮನೆಗೆ ಹೋಗಿ ನಡೆಸುವ ಸಮೀಕ್ಷೆಗೆ ಬಡವರು, ಮಧ್ಯಮ ವರ್ಗದವರು ಸಿಗುತ್ತಾರೆ. ಕೋಟ್ಯಧೀಶರು ಸಿಗುವುದು ಅಪರೂಪ. ಸಿಕ್ಕರೂ ಗಳಿಕೆಯನ್ನು ಪೂರ್ತಿ ಬಾಯಿಬಿಡುವುದಿಲ್ಲ. ವರ್ಷ ವರ್ಷವೂ ಕಾನೂನಿನ ಬಲದಿಂದ ಅವರ ಲೆಕ್ಕ ಕೇಳುವ ಅಧಿಕಾರ ಇರುವುದು ತೆರಿಗೆ ಇಲಾಖೆಗೆ. ಹಾಗಾಗಿ ಈ ಅಧ್ಯಯನದ ಏಳುಬೀಳು ತೆರಿಗೆ ಕಾನೂನಿನ ಏಳುಬೀಳಿಗೆ ಅಂಟಿಕೊಂಡಿದೆ. ಶ್ರೀಮಂತರ ಮೇಲಿನ ತೆರಿಗೆಯೊಂದು ರದ್ದಾದಾಗ ಬೊಕ್ಕಸಕ್ಕೆ ಬರುತ್ತಿದ್ದ ಹಣದ ಜೊತೆಗೆ ಅವರ ಬಗ್ಗೆ ಸಮಾಜಕ್ಕೆ ಸಿಗುತ್ತಿದ್ದ ತಿಳಿವಳಿಕೆಯೂ ನಿಲ್ಲುತ್ತದೆ. ಇದನ್ನು ಭಾರತದಷ್ಟು ಸ್ಪಷ್ಟವಾಗಿ ತೋರಿಸುವ ದೇಶಗಳು ಕಡಿಮೆ.

ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಇಟಲಿಯ ವಿಲ್ಫ್ರೆಡೊ ಪರೇಟೊ 1896–97ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ದಾರಿ ಶುರುವಾಯಿತು. ಇಂಗ್ಲೆಂಡ್, ಪ್ರಷ್ಯ, ಇಟಲಿಯ ಕೆಲವು ನಗರಗಳು ಹೀಗೆ ಬೇರೆ ಬೇರೆ ಕಡೆಯ ತೆರಿಗೆ ಪಟ್ಟಿಗಳನ್ನು ಅವರು ಜೋಡಿಸಿ ನೋಡಿದರು. ಆದಾಯದ ಮಟ್ಟ ಏರಿದಂತೆ ಅಷ್ಟು ಗಳಿಸುವವರ ಸಂಖ್ಯೆ ಎಲ್ಲ ಕಡೆಯೂ ಒಂದೇ ಬಗೆಯ ಗಣಿತ ಸೂತ್ರದಂತೆ ಇಳಿಯುತ್ತಿತ್ತು. ಈ ಹಂಚಿಕೆ ನಿಸರ್ಗ ನಿಯಮದಂಥದ್ದು, ಸರ್ಕಾರಗಳಿಂದ ಬದಲಾಗದು ಎಂಬ ಅವರ ತೀರ್ಮಾನ ಮುಂದೆ ಉಳಿಯಲಿಲ್ಲ. ಸೂತ್ರ ಮಾತ್ರ ಇಂದಿಗೂ ಬಳಕೆಯಲ್ಲಿದೆ.

ಅದರ ಬಳಕೆ ಹೇಗೆಂದರೆ, ತೆರಿಗೆ ಇಲಾಖೆಯ ವಾರ್ಷಿಕ ಕೋಷ್ಟಕದಲ್ಲಿ ಯಾರ ಹೆಸರೂ ಇರುವುದಿಲ್ಲ. ಇಷ್ಟರಿಂದ ಇಷ್ಟು ರೂಪಾಯಿವರೆಗೆ ಆದಾಯ ತೋರಿಸಿದವರು ಎಷ್ಟು ಮಂದಿ, ಅವರ ಒಟ್ಟು ಆದಾಯ ಎಷ್ಟು ಎಂಬ ಸಾಲುಗಳಷ್ಟೇ ಇರುತ್ತವೆ. ಜನಗಣತಿಯಿಂದ ವಯಸ್ಕರ ಸಂಖ್ಯೆ ತೆಗೆದುಕೊಂಡು, ಅವರಲ್ಲಿ ಮೇಲಿನ ಶೇ 1ರಷ್ಟು ಎಂದರೆ ಎಷ್ಟು ಜನ ಎಂದು ಮೊದಲು ಗುರುತಿಸಬೇಕು. ಆ ಗಡಿ ಕೋಷ್ಟಕದ ಎರಡು ಸಾಲುಗಳ ನಡುವೆ ಬಿದ್ದರೆ ಪರೇಟೊ ಸೂತ್ರ ನೆರವಿಗೆ ಬರುತ್ತದೆ. ಕೊನೆಗೆ ಅವರ ಗಳಿಕೆಯನ್ನು ರಾಷ್ಟ್ರೀಯ ಆದಾಯದಿಂದ ಭಾಗಿಸಬೇಕು. ಲೆಕ್ಕ ಸರಳ, ನೂರು ವರ್ಷದ ಹಳೆಯ ಕೋಷ್ಟಕಗಳನ್ನು ಒಂದೇ ಅಳತೆಗೆ ತರುವುದೇ ನಿಜವಾದ ದುಡಿಮೆ.

ಆ ದುಡಿಮೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಅಮೆರಿಕದ ಸೈಮನ್ ಕುಜ್ನೆಟ್ಸ್. 1913ರಿಂದ 1948ರವರೆಗಿನ ದಾಖಲೆಗಳನ್ನು ಶೋಧಿಸಿ 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಕಂಡದ್ದು, ಮೇಲಿನ ಶೇ 10ರಷ್ಟು ಜನರ ಪಾಲು ಶೇ 45–50ರಿಂದ ಶೇ 30–35ಕ್ಕೆ ಇಳಿದಿತ್ತು. ಅಭಿವೃದ್ಧಿಯ ಆರಂಭದಲ್ಲಿ ಅಸಮಾನತೆ ಏರಿ ಆಮೇಲೆ ತಾನಾಗಿ ಇಳಿಯಬಹುದು ಎಂದು 1955ರ ಲೇಖನದಲ್ಲಿ ಅವರು ಊಹಿಸಿದರು. ಅದರಲ್ಲಿ ಶೇ 5ರಷ್ಟು ಮಾತ್ರ ಮಾಹಿತಿ, ಉಳಿದ ಶೇ 95 ಊಹೆ ಎಂದು ಲೇಖನದಲ್ಲೇ ಎಚ್ಚರಿಸಿದ್ದರು. ಓದಿದವರು ಎಚ್ಚರಿಕೆಯನ್ನು ಮರೆತು ಊಹೆಯನ್ನು ಸಿದ್ಧಾಂತ ಮಾಡಿಕೊಂಡರು.

ಭಾರತಕ್ಕೆ ಆದಾಯ ತೆರಿಗೆ ಬಂದದ್ದು 1860ರಲ್ಲಿ. 1857ರ ದಂಗೆಯ ನಂತರ ಬರಿದಾಗಿದ್ದ ಬೊಕ್ಕಸವನ್ನು ತುಂಬಿಸಲು ‘ದಿ ಎಕನಾಮಿಸ್ಟ್’ ಪತ್ರಿಕೆಯ ಸ್ಥಾಪಕ ಜೇಮ್ಸ್ ವಿಲ್ಸನ್ ಕಲ್ಕತ್ತದಲ್ಲಿ ಇದನ್ನು ಮಂಡಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಆಮಶಂಕೆಯಿಂದ ತೀರಿಕೊಂಡರು. ಬಂದುಹೋಗುತ್ತಿದ್ದ ಈ ತೆರಿಗೆಯನ್ನು 1886ರ ಕಾಯ್ದೆ ಕಾಯಂಗೊಳಿಸಿತು, ಕೃಷಿ ಆದಾಯವನ್ನು ಹೊರಗಿಟ್ಟಿತು. ಜಮೀನುದಾರರ ಗಳಿಕೆ ಕೇಂದ್ರದ ಲೆಕ್ಕದಿಂದ ಆಗ ಮರೆಯಾದದ್ದು ಇನ್ನೂ ಮರೆಯಲ್ಲೇ ಇದೆ. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ. ಮೈಸೂರು ರಾಜ್ಯ 1957ರಲ್ಲೇ ಕೃಷಿ ಆದಾಯ ತೆರಿಗೆ ಕಾಯ್ದೆ ತಂದಿತು. ಅದು ಮುಟ್ಟಿದ್ದು ಮುಖ್ಯವಾಗಿ ತೋಟದ ಬೆಳೆಗಳನ್ನು. ದೊಡ್ಡ ಹಿಡುವಳಿಗಳಿಗೆ ತೆರಿಗೆ ಹಾಕಬೇಕೆಂದು ಕೆ.ಎನ್. ರಾಜ್ ಸಮಿತಿ 1972ರಲ್ಲಿ ಕೊಟ್ಟ ಸಲಹೆ ಕಡತದಲ್ಲೇ ಉಳಿಯಿತು.

ಭಾರತೀಯ ಸಂಶೋಧಕರಲ್ಲಿ ವಿ.ಕೆ.ಆರ್.ವಿ. ರಾವ್ ಅವರದು ಮುಂಚೂಣಿಯ ಹೆಸರು. ಭಾರತದಲ್ಲಿ ಆದಾಯದ ಮೇಲಿನ ತೆರಿಗೆ ಕುರಿತ ಅವರ ಪುಸ್ತಕ 1931ರಲ್ಲಿ ಬಂದಿತು. ಬಳಿಕ ಕೇಂಬ್ರಿಜ್‌ನಲ್ಲಿ 1931–32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ಅಂದಾಜು ಮಾಡಿದರು. ಬಳ್ಳಾರಿಯಿಂದ ಲೋಕಸಭೆಗೆ ಹೋಗಿ ಕೇಂದ್ರ ಸಚಿವರೂ ಆಗಿದ್ದ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು.

ಸ್ವತಂತ್ರ ಭಾರತದಲ್ಲಿ ಈ ವಿಷಯದ ಅತ್ಯಂತ ಧೀರ ಪ್ರಯೋಗ ನಿಕೊಲಸ್ ಕಾಲ್ಡರ್ ಅವರದು. ಕೇಂಬ್ರಿಜ್‌ನ ಈ ಅರ್ಥಶಾಸ್ತ್ರಜ್ಞ 1956ರಲ್ಲಿ ಕೇಂದ್ರ ಹಣಕಾಸು ಸಚಿವಾಲಯಕ್ಕೆ ಒಂದು ವರದಿ ಕೊಟ್ಟರು. ಆದಾಯ ತೆರಿಗೆಯ ಜೊತೆಗೆ ಬಂಡವಾಳ ಗಳಿಕೆ, ಸಂಪತ್ತು, ವೈಯಕ್ತಿಕ ವೆಚ್ಚ, ದಾನ ಇವುಗಳ ಮೇಲೂ ತೆರಿಗೆ ಇರಬೇಕು, ಎಲ್ಲಕ್ಕೂ ಒಂದೇ ರಿಟರ್ನ್ಸ್ ಸಾಕು ಎಂಬುದು ಅದರ ತಿರುಳು. ಐದೂ ತೆರಿಗೆಗಳು ಒಂದನ್ನೊಂದು ಕಾಯುವಂತೆ ಅವರು ಹೆಣೆದಿದ್ದರು. ಒಬ್ಬ ಆಸ್ತಿ ಮಾರಿದರೆ ಅವನ ಲಾಭ ಒಂದು ಕಡೆ ದಾಖಲಾಗುತ್ತದೆ, ಕೊಂಡವನ ಸಂಪತ್ತು ಇನ್ನೊಂದು ಕಡೆ ಏರುತ್ತದೆ. ಆದಾಯ ಮುಚ್ಚಿಟ್ಟವನ ಖರ್ಚು ಅವನನ್ನು ಹಿಡಿದುಕೊಡುತ್ತದೆ. ಇಷ್ಟು ಬಿಗಿಯಾದ ಬಲೆಯಿದ್ದರೆ ಆದಾಯ ತೆರಿಗೆಯ ಗರಿಷ್ಠ ದರ ಶೇ 45 ದಾಟಬೇಕಿಲ್ಲ ಎಂದೂ ಅವರು ಹೇಳಿದ್ದರು. ಆಗಿನ ಅತಿ ಎತ್ತರದ ದರಗಳು ಬಹುಮಟ್ಟಿಗೆ ಕಾಗದದ ಮೇಲಿವೆ ಎಂಬುದು ಅವರ ವಾದವಾಗಿತ್ತು.

ಸರ್ಕಾರ ಈ ಸಲಹೆಯನ್ನು ತುಂಡು ತುಂಡಾಗಿ ತೆಗೆದುಕೊಂಡಿತು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ 1957ರಲ್ಲಿ ಸಂಪತ್ತು ತೆರಿಗೆ ಮತ್ತು ವೆಚ್ಚ ತೆರಿಗೆ ತಂದರು, 1958ರಲ್ಲಿ ದಾನ ತೆರಿಗೆ ಬಂತು. ವಿನಾಯಿತಿಗಳು ಒಂದೊಂದಾಗಿ ತೂತು ಕೊರೆದವು. ವೆಚ್ಚ ತೆರಿಗೆ 1962ರಲ್ಲಿ ಹೋಗಿ, 1964ರಲ್ಲಿ ಮರಳಿ, 1966ರಲ್ಲಿ ಪೂರ್ತಿ ಹೋಯಿತು. ದರ ಮಾತ್ರ ಕೊನೆಗೆ ಮತ್ತಷ್ಟು ಏರಿತು: 1973–74ರಲ್ಲಿ ಗರಿಷ್ಠ ದರ ಶೇ 85, ಸರ್ಚಾರ್ಜ್ ಸೇರಿ ಶೇ 97.75. ಹೀಗಾದರೆ ಕಪ್ಪುಹಣವೇ ಬೆಳೆಯುತ್ತದೆ ಎಂದು ನೇರ ತೆರಿಗೆಗಳನ್ನು ಪರಿಶೀಲಿಸಿದ ವಾಂಛೂ ಸಮಿತಿ ಅದಕ್ಕೆ ಮೊದಲೇ ಎಚ್ಚರಿಸಿತ್ತು. ಕಾಲ್ಡರ್ ಬೇಡಿದ್ದು ಕಡಿಮೆ ದರ ಮತ್ತು ಪೂರ್ಣ ಮಾಹಿತಿ. ದೇಶಕ್ಕೆ ದಕ್ಕಿದ್ದು ಅದರ ತದ್ವಿರುದ್ಧ.

ನಂತರದ ದಶಕಗಳಲ್ಲಿ ಬಲೆಯ ಉಳಿದ ಎಳೆಗಳೂ ಕಡಿದವು. ಸತ್ತವರ ಆಸ್ತಿಯ ಮೇಲೆ 1953ರಿಂದ ಇದ್ದ ಎಸ್ಟೇಟ್ ಡ್ಯೂಟಿ 1985ರಲ್ಲಿ, ದಾನ ತೆರಿಗೆ 1998ರಲ್ಲಿ, ಸಂಪತ್ತು ತೆರಿಗೆ 2015ರಲ್ಲಿ ರದ್ದಾದವು. ವಸೂಲಿ ಕಡಿಮೆ, ಆಡಳಿತದ ತಾಪತ್ರಯ ಹೆಚ್ಚು ಎಂಬುದು ಮುಖ್ಯ ಕಾರಣ. ಸಂಪತ್ತು ತೆರಿಗೆಯಿಂದ 2013–14ರಲ್ಲಿ ಬಂದದ್ದು ₹1,008 ಕೋಟಿ. ಬೊಕ್ಕಸದ ದೃಷ್ಟಿಯಿಂದ ಆ ವಾದ ಸರಿಯೇ. ಆದರೆ ಭಾರತದ ಕುಬೇರರ ಆಸ್ತಿ ಅಂದಾಜು ಮಾಡಬೇಕಾದ ಸಂಶೋಧಕರು ಇಂದು ಹಲವು ವರ್ಷಗಳಿಗೊಮ್ಮೆ ನಡೆಯುವ ಸಾಲ ಮತ್ತು ಹೂಡಿಕೆ ಸಮೀಕ್ಷೆಯ ಜೊತೆಗೆ ‘ಫೋರ್ಬ್ಸ್’ ಪತ್ರಿಕೆಯ ಪಟ್ಟಿಯನ್ನು ಆಶ್ರಯಿಸಬೇಕಾಗಿದೆ.

ಕುಜ್ನೆಟ್ಸ್ ಕೈಬಿಟ್ಟ ಕೆಲಸಕ್ಕೆ 2001ರಲ್ಲಿ ಫ್ರೆಂಚ್ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟಿ ಜೀವ ಕೊಟ್ಟರು. ಫ್ರಾನ್ಸಿನ ಇಪ್ಪತ್ತನೆಯ ಶತಮಾನದ ಲೆಕ್ಕದ ಬಳಿಕ 2003ರಲ್ಲಿ ಇಮಾನ್ಯುಯೆಲ್ ಸಾಯೆಜ್ ಜೊತೆ ಅಮೆರಿಕದ ಲೆಕ್ಕ ಮುಗಿಸಿದರು. ಬ್ರಿಟನ್ನಿನ ಆಂಟನಿ ಅಟ್ಕಿನ್ಸನ್ ಕೂಡಿಕೊಂಡ ಮೇಲೆ ಇದು ಹಲವು ದೇಶಗಳ ಯೋಜನೆಯಾಯಿತು. ಅಮೆರಿಕದಲ್ಲಿ 1980ರ ನಂತರ ಶ್ರೀಮಂತರ ಪಾಲು ಮತ್ತೆ ಏರಿತ್ತು. ತಾನಾಗಿ ಇಳಿಯುತ್ತದೆ ಎಂಬ ನಂಬಿಕೆಗೆ ಆಧಾರ ಉಳಿಯಲಿಲ್ಲ.

ಭಾರತದ 1922ರ ನಂತರದ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಪಿಕೆಟಿ 2005ರಲ್ಲಿ ವಿಶ್ಲೇಷಿಸಿದರು. ಮೇಲಿನ ಶೇ 1ರಷ್ಟು ಜನರ ಪಾಲು 1950ರ ದಶಕದ ಶೇ 12–13ರಿಂದ 1980ರ ದಶಕದ ಆರಂಭಕ್ಕೆ ಶೇ 4–5ಕ್ಕೆ ಇಳಿದು, 1990ರ ದಶಕದ ಕೊನೆಗೆ ಶೇ 9–10ಕ್ಕೆ ಏರಿತ್ತು. ಅಲ್ಲಿಗೆ ದಾಖಲೆಯೇ ನಿಂತಿತು. ತೆರಿಗೆ ಅಂಕಿಅಂಶಗಳ ಪ್ರಕಟಣೆ 2000ದಲ್ಲಿ ನಿಂತು, ಮತ್ತೆ ಶುರುವಾದದ್ದು 2016ರಲ್ಲಿ. ಐಟಿ ಉದ್ಯಮ, ಷೇರುಪೇಟೆ, ಗಣಿಗಾರಿಕೆ ಎಲ್ಲವೂ ಉಬ್ಬಿದ ವರ್ಷಗಳೇ ಹೀಗೆ ಕತ್ತಲಲ್ಲಿ ಉಳಿದವು. ಮರಳಿ ಸಿಕ್ಕ ದಾಖಲೆಗಳನ್ನು ಬಳಸಿದ 2024ರ ಅಧ್ಯಯನದ ಪ್ರಕಾರ 2022–23ರಲ್ಲಿ ಮೇಲಿನ ಶೇ 1ರಷ್ಟು ಜನರ ಆದಾಯದ ಪಾಲು ಶೇ 22.6, ಸಂಪತ್ತಿನ ಪಾಲು ಶೇ 40.1.

ಈ ಅಂಕಿಗಳಿಗೆ ತಕರಾರುಗಳಿವೆ. ತೆರಿಗೆ ವ್ಯಾಪ್ತಿಗೆ ಬಾರದ ಬಹುಸಂಖ್ಯಾತರ ಆದಾಯವನ್ನು ಊಹಿಸಿಯೇ ತುಂಬಬೇಕಾಗುತ್ತದೆ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞರಾದ ಆಟೆನ್ ಮತ್ತು ಸ್ಪ್ಲಿಂಟರ್ ಬೇರೆ ವಿಧಾನದಿಂದ, ತೆರಿಗೆ ಮತ್ತು ಸರ್ಕಾರಿ ನೆರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಶ್ರೀಮಂತರ ಪಾಲಿನ ಏರಿಕೆ ತೀರಾ ಅಲ್ಪ ಎಂದು ತೋರಿಸಿದ್ದಾರೆ. ಭಾರತದಲ್ಲಿ 2025ರಲ್ಲಿ ಇದೇ ಜಗಳ ಸುದ್ದಿಯಾಯಿತು. ವಿಶ್ವ ಬ್ಯಾಂಕಿನ ಟಿಪ್ಪಣಿಯಲ್ಲಿದ್ದ 25.5 ಎಂಬ ಗಿನಿ ಸೂಚ್ಯಂಕವನ್ನು (ಸೊನ್ನೆ ಎಂದರೆ ಪೂರ್ಣ ಸಮಾನತೆ, 100 ಎಂದರೆ ಪೂರ್ಣ ಅಸಮಾನತೆ) ಹಿಡಿದು ಭಾರತ ಜಗತ್ತಿನ ಅತಿ ಸಮಾನ ದೇಶಗಳಲ್ಲಿ ನಾಲ್ಕನೆಯದು ಎಂದು ಸರ್ಕಾರ ಹೇಳಿಕೊಂಡಿತು. ಅದು ಕುಟುಂಬಗಳ ಖರ್ಚಿನ ಅಳತೆ. ಆದಾಯದ ಗಿನಿ 62 ಎಂಬ ಇನ್ನೊಂದು ಅಂದಾಜು ಅದೇ ಟಿಪ್ಪಣಿಯಲ್ಲಿತ್ತು. ಶ್ರೀಮಂತರು ಗಳಿಸಿದ್ದನ್ನೆಲ್ಲ ಖರ್ಚು ಮಾಡುವುದಿಲ್ಲ, ಉಳಿಸುತ್ತಾರೆ. ಅದಕ್ಕೇ ಖರ್ಚಿನ ಕನ್ನಡಿಯಲ್ಲಿ ಅಂತರ ಸಣ್ಣದಾಗಿ ಕಾಣುತ್ತದೆ.

ತೆರಿಗೆ ದಾಖಲೆಯಲ್ಲೂ ಎಲ್ಲವೂ ಕಾಣುವುದಿಲ್ಲ. ಫ್ರೆಂಚ್ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್ಮನ್ ಮತ್ತು ಸಂಗಡಿಗರು ಸೋರಿಕೆಯಾದ ಬ್ಯಾಂಕ್ ದಾಖಲೆಗಳನ್ನು ಸ್ಕ್ಯಾಂಡಿನೇವಿಯದ ತೆರಿಗೆ ಕಡತಗಳಿಗೆ ಹೋಲಿಸಿ, ಅತ್ಯಂತ ಮೇಲಿನ ಶೇ 0.01ರಷ್ಟು ಶ್ರೀಮಂತರು ಕಟ್ಟಬೇಕಾದ ತೆರಿಗೆಯಲ್ಲಿ ಸುಮಾರು ಕಾಲು ಭಾಗ ತಪ್ಪಿಸುತ್ತಾರೆ ಎಂದು 2019ರಲ್ಲಿ ಕಂಡುಕೊಂಡರು. ಶತಕೋಟಿ ಡಾಲರ್ ಒಡೆಯರ ಸಂಪತ್ತಿನ ಮೇಲೆ ಕನಿಷ್ಠ ಶೇ 2ರ ತೆರಿಗೆ ಎಂಬ ಜುಕ್ಮನ್ ಅವರ ಪ್ರಸ್ತಾವ 2024ರಲ್ಲಿ ಬ್ರೆಜಿಲ್ ಅಧ್ಯಕ್ಷತೆಯ ಜಿ20 ಮುಂದೆ ಬಂತು. ಅದರ ಫ್ರೆಂಚ್ ರೂಪವನ್ನು 2025ರ ಫೆಬ್ರುವರಿಯಲ್ಲಿ ಅಲ್ಲಿನ ರಾಷ್ಟ್ರೀಯ ಸಭೆ ಒಪ್ಪಿತು, ಜೂನ್‌ನಲ್ಲಿ ಸೆನೆಟ್ ತಿರಸ್ಕರಿಸಿತು.

ಭಾರತದ ದಾಖಲೆಗಳ ಮಾತಿಗೆ ಮರಳಿದರೆ, ಇಲ್ಲಿನ ಆದಾಯ ತೆರಿಗೆ ರಿಟರ್ನ್ಸ್‌ಗಳ ಸಂಸ್ಕರಣೆ 2009ರಿಂದ ಬೆಂಗಳೂರಿನ ಕೇಂದ್ರದಲ್ಲಿ ನಡೆಯುತ್ತಿದೆ. ಮಾಹಿತಿ ಡಿಜಿಟಲ್ ಆಗಿರುವುದರಿಂದ ಹೆಸರು, ವಿಳಾಸ ತೆಗೆದುಹಾಕಿದ ಮಾದರಿ ಕಡತಗಳನ್ನು ಸಂಶೋಧಕರಿಗೆ ಕೊಡುವುದು ಈಗ ಕಷ್ಟವೇನಲ್ಲ. ಅಮೆರಿಕ 1960ರ ದಶಕದಿಂದಲೇ ಹಾಗೆ ಕೊಡುತ್ತ ಬಂದಿದೆ. ಭಾರತದಲ್ಲಿ 2016ರಿಂದ ಸಾರ್ವಜನಿಕರಿಗೆ ಸಿಗುತ್ತಿರುವುದು ಆದಾಯದ ಶ್ರೇಣಿವಾರು ಕೋಷ್ಟಕಗಳು.