ಪರದೇಶ ಸಂಚಾರ ಮತ್ತು ದುಡಿಮೆ: ತಿಳಿದಿರಬೇಕಾದ ವಿಷಯಗಳು

ಪರದೇಶಕ್ಕೆ ಹೋಗಿ, ಅಲ್ಲಿ ಸಿಕ್ಕಿದ ಚಿಕ್ಕಪುಟ್ಟ ಕೆಲಸ ಮಾಡಿ, ಬಂದ ಹಣದಲ್ಲಿ ಮುಂದಿನ ಊರು ನೋಡುವ ಪದ್ಧತಿ ಪಾಶ್ಚಾತ್ಯ ಯುವಜನರಲ್ಲಿ ಬಹಳ ಹಿಂದಿನಿಂದಲೂ ಇದೆ. ಬೆನ್ನಿಗೊಂದು ಚೀಲ, ದಾರಿಖರ್ಚಿಗೆ ಹಣ್ಣಿನ ತೋಟದ ಕೊಯ್ಲು ಅಥವಾ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ನಮ್ಮ ಯುವಕ ಯುವತಿಯರಿಗೂ ಈಗ ಇಂಥ ಅವಕಾಶಗಳು ತೆರೆದಿವೆ. ಆದರೆ ಊರೂರು ಸುತ್ತುತ್ತಾ ದುಡಿಯುವುದು ನಮ್ಮ ನಾಡಿಗೆ ಹೊಸತಲ್ಲ. ಮೈಸೂರು ಜಿಲ್ಲೆಯ ಒಂದು ಸಮುದಾಯ ಇದನ್ನೇ ಬದುಕಾಗಿಸಿಕೊಂಡಿದೆ. ಅವರ ಅನುಭವದಿಂದ ಕಲಿಯಬೇಕಾದದ್ದು ಬಹಳಷ್ಟಿದೆ.

ಹುಣಸೂರಿನ ಹಕ್ಕಿಪಿಕ್ಕಿಗಳು

ಕಾವೇರಿ ಧುಮುಕುವ ಚುಂಚನಕಟ್ಟೆಗೆ ನೆರೆಯದ್ದೇ ಹುಣಸೂರು ತಾಲೂಕು. ಅಲ್ಲಿನ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿ ಜನರು ನೆಲೆಸಿದ್ದಾರೆ. ಇವರದು ಪರಿಶಿಷ್ಟ ಪಂಗಡ, ಮನೆಮಾತು ವಾಗ್ರಿ. ಹಕ್ಕಿ ಹಿಡಿಯುವುದು, ಬೇಟೆಯಾಡುವುದು ಇವರ ಕುಲಕಸುಬಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಕಸುಬು ಅಪರಾಧವಾಯಿತು. ಆಗ ಪ್ಲಾಸ್ಟಿಕ್ ಹೂವು, ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಇತ್ಯಾದಿಗಳನ್ನು ಜಾತ್ರೆ, ಸಂತೆಗಳಲ್ಲಿ ಮಾರತೊಡಗಿದರು. ಅದೇ ವ್ಯಾಪಾರ ಕ್ರಮೇಣ ಇವರನ್ನು ಆಫ್ರಿಕಾ ಖಂಡದ ದೇಶಗಳವರೆಗೆ ಕರೆದೊಯ್ದಿತು.

2023ರ ಏಪ್ರಿಲ್ 15ರಂದು ಸುಡಾನ್ ದೇಶದಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಯುದ್ಧ ಆರಂಭವಾದಾಗ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡರೆಂದು ವರದಿಯಾಯಿತು. ಅವರಲ್ಲಿ ಹೆಚ್ಚಿನವರು ಹುಣಸೂರಿನ ಕಡೆಯವರು. ಅವರಿದ್ದದ್ದು ರಾಜಧಾನಿ ಖಾರ್ಟೂಮಿನಲ್ಲಲ್ಲ, ಅಲ್ಲಿಂದ ಬಹುದೂರ, ಡಾರ್ಫರ್ ಪ್ರಾಂತ್ಯದ ಎಲ್-ಫಾಶರ್ ನಗರದಲ್ಲಿ. ಏಪ್ರಿಲ್ 24ರಂದು ಭಾರತ ಸರಕಾರ ಆರಂಭಿಸಿದ ರಕ್ಷಣಾ ಕಾರ್ಯಕ್ಕೆ 'ಆಪರೇಷನ್ ಕಾವೇರಿ' ಎಂದು ಹೆಸರಿಡಲಾಯಿತು. ಪೋರ್ಟ್ ಸುಡಾನ್ ಬಂದರಿನಿಂದ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ, ಹಡಗು ಮತ್ತು ವಿಮಾನಗಳ ಮೂಲಕ ಒಟ್ಟು 3,862 ಮಂದಿಯನ್ನು ಕರೆತರಲಾಯಿತು.

ಯುದ್ಧ ಯಾರ ಕಾಗದಪತ್ರವನ್ನೂ ಕೇಳಿ ಬರುವುದಿಲ್ಲ. ಆದರೆ ಆಪತ್ತು ಬಂದಾಗ, ಎಲ್ಲಿದ್ದೇವೆ ಎಂಬುದು ನಮ್ಮ ರಾಯಭಾರ ಕಚೇರಿಗೆ ತಿಳಿದಿದ್ದರೆ ಸಹಾಯ ಬೇಗ ತಲಪುತ್ತದೆ.

ವೀಸಾ ಏನು ಹೇಳುತ್ತದೆ?

ಪ್ರವಾಸಿ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಅಲ್ಲಿ ಕೂಲಿ ಮಾಡುವ ಹಕ್ಕಿಲ್ಲ. ಸಿಕ್ಕಿಬಿದ್ದರೆ ದಂಡ, ಬಂಧನ, ಗಡೀಪಾರು ಆಗಬಹುದು. ಸಂಬಳ ಕೊಡದೆ ವಂಚಿಸಿದ ಧಣಿಯ ಮೇಲೆ ದೂರು ಕೊಡಲೂ ಭಯ. ಸುತ್ತಾಡುತ್ತಾ ದುಡಿಯಲು ಭಾರತೀಯರಿಗೆ ಕಾನೂನುಬದ್ಧ ಅನುಮತಿ ನೀಡುವ ಎರಡು ಯೋಜನೆಗಳು ಹೀಗಿವೆ:

1. ಆಸ್ಟ್ರೇಲಿಯಾದ 'ವರ್ಕ್ ಅಂಡ್ ಹಾಲಿಡೇ' ವೀಸಾ (ಉಪವರ್ಗ 462): ಭಾರತೀಯರಿಗೆ 2024ರ ಅಕ್ಟೋಬರಿನಲ್ಲಿ ತೆರೆಯಿತು. ವರ್ಷಕ್ಕೆ 1,000 ಸ್ಥಾನ. ವಯಸ್ಸು 18ರಿಂದ 30. ಪಿ.ಯು.ಸಿ. ನಂತರ ಕನಿಷ್ಠ 2 ವರ್ಷದ ವ್ಯಾಸಂಗ, ಇಂಗ್ಲಿಷ್ ಜ್ಞಾನ ಮತ್ತು ಕೈಯಲ್ಲಿ ಸಾಕಷ್ಟು ಹಣ ಬೇಕು. 12 ತಿಂಗಳು ಇರಬಹುದು. ಸಾಮಾನ್ಯವಾಗಿ ಒಬ್ಬ ಮಾಲಿಕರಲ್ಲಿ 6 ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಅರ್ಜಿ ಹಾಕುವ ಮೊದಲು ಚೀಟಿ ಎತ್ತುವ ಕ್ರಮವಿದೆ. ಮೊದಲ ಎರಡು ವಾರಗಳಲ್ಲೇ ಸುಮಾರು 40,000 ಮಂದಿ ಹೆಸರು ನೋಂದಾಯಿಸಿದ್ದರು.

2. ಬ್ರಿಟನ್ನಿನ 'ಇಂಡಿಯಾ ಯಂಗ್ ಪ್ರೊಫೆಷನಲ್ಸ್' ಯೋಜನೆ: 2023ರ ಫೆಬ್ರವರಿ 28ರಂದು ಆರಂಭವಾಯಿತು. ವರ್ಷಕ್ಕೆ 3,000 ಸ್ಥಾನಗಳವರೆಗೆ. ವಯಸ್ಸು 18ರಿಂದ 30. ಪದವಿ ಕಡ್ಡಾಯ, 2,530 ಪೌಂಡ್ ಉಳಿತಾಯ 28 ದಿನ ಖಾತೆಯಲ್ಲಿರಬೇಕು. 2 ವರ್ಷ ಇದ್ದು ಕೆಲಸ ಮಾಡಬಹುದು. ಇಲ್ಲಿಯೂ ಚೀಟಿಯೇ, ಅದರಲ್ಲಿ ಭಾಗವಹಿಸಲು ಶುಲ್ಕವಿಲ್ಲ.

ಇವೆರಡರಲ್ಲೂ ಆಯ್ಕೆ ಅದೃಷ್ಟಕ್ಕೆ ಬಿಟ್ಟದ್ದು. ಆದುದರಿಂದ 'ಹೆಸರು ಬರುವಂತೆ ಮಾಡಿಕೊಡುತ್ತೇನೆ' ಎಂದು ಹಣ ಕೇಳುವವರನ್ನು ನಂಬಬಾರದು.

ಓದು ಇಲ್ಲದವರಿಗೆ ಏನು ದಾರಿ?

ಮೇಲಿನ ಎರಡೂ ಬಾಗಿಲುಗಳು ಕಾಲೇಜು ಮೆಟ್ಟಿಲು ಹತ್ತಿದವರಿಗೆ ಮಾತ್ರ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇ.ಸಿ.ಆರ್.' ವರ್ಗಕ್ಕೆ ಸೇರುತ್ತದೆ. ಇವರು ಗಲ್ಫ್ ರಾಷ್ಟ್ರಗಳು, ಮಲೇಶಿಯಾ, ಸುಡಾನ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ 1983ರ ವಲಸೆ ಕಾಯ್ದೆಯಡಿ ಸರಕಾರದ ಅನುಮತಿ ಪಡೆಯಬೇಕು. ಪ್ರವಾಸಿಯಾಗಿ ಹೊರಟರೆ ಈ ಅನುಮತಿ ಬೇಕಿಲ್ಲ. ಸುಲಭವೆಂದು ಹಲವರು ಆ ದಾರಿ ಹಿಡಿಯುತ್ತಾರೆ. ಆದರೆ ಅನುಮತಿಯೊಂದಿಗೆ ಬರುವ ರಕ್ಷಣೆ, ಅಂದರೆ ಕೆಲಸದ ಕರಾರು, ಸರಕಾರದಲ್ಲಿ ದಾಖಲೆ, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ, ಇವೆಲ್ಲವೂ ಕೈತಪ್ಪುತ್ತವೆ. ಹೀಗಾಗಿ ಅತಿ ಹೆಚ್ಚು ಆಸರೆ ಬೇಕಾದವರೇ ಆಸರೆಯಿಲ್ಲದೆ ಹೊರಡುವಂತಾಗಿದೆ.

ಹೊರಡುವ ಮುನ್ನ

- ಏಜೆಂಟರು ವಿದೇಶಾಂಗ ಇಲಾಖೆಯಲ್ಲಿ ನೋಂದಾಯಿತರೇ ಎಂದು 'ಇ-ಮೈಗ್ರೇಟ್' ತಾಣದಲ್ಲಿ ನೋಡಿರಿ. ಇವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿ.ಎಸ್.ಟಿ. ರಶೀದಿ ಪಡೆಯಿರಿ.
- ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇದೆಯೇ ಎಂದು ಓದಿಸಿ ಕೇಳಿರಿ.
- ಪಾಸ್‌ಪೋರ್ಟ್, ವೀಸಾ, ಕರಾರಿನ ಪ್ರತಿ ಮನೆಯಲ್ಲಿರಲಿ. ಪಾಸ್‌ಪೋರ್ಟನ್ನು ಮಾಲಿಕರ ಕೈಗೆ ಕೊಡಬೇಡಿರಿ.
- ಹಿಂತಿರುಗುವ ಟಿಕೆಟಿನ ಹಣವನ್ನು ಬೇರೆಯಾಗಿಯೇ ಇಡಿರಿ.
- ತಲಪಿದ ಕೂಡಲೇ ಭಾರತೀಯ ರಾಯಭಾರ ಕಚೇರಿಗೆ ವಿಳಾಸ ತಿಳಿಸಿರಿ. ದೂರುಗಳಿಗೆ 'ಮದದ್' ಎಂಬ ಸರಕಾರಿ ತಾಣವಿದೆ.

ಸಲಹೆ ಅಥವಾ ಶಿಫಾರಸು ಪತ್ರ ಕೇಳಿಕೊಂಡು ಯುವಜನರು ಧರ್ಮಕೇಂದ್ರದ ಕಚೇರಿಗೂ ಬರುವುದುಂಟು. ಪತ್ರ ಬರೆದುಕೊಡುವ ಮೊದಲು ಯಾವ ವೀಸಾ, ಯಾರ ಮೂಲಕ, ಯಾವ ಕೆಲಸ ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಹೊರಡುವ ಉತ್ಸಾಹಕ್ಕೆ ತಣ್ಣೀರೆರಚಲು ಅಲ್ಲ, ಹೋದವರು ಸುಖವಾಗಿ ಮನೆಗೆ ಮರಳಲಿ ಎಂದು.