ಕಲ್ಯಾಣ ಕ್ಯಾಂಪಿನ ಬ್ಯಾರಕ್ಕುಗಳು

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮುಂಬಯಿ ಕಡೆಯ ಕಲ್ಯಾಣದ ಬಳಿ, ಉಲ್ಹಾಸ ನದಿಗೆ ಸಮೀಪದಲ್ಲಿ, ಸೈನಿಕರಿಗೆ ದೊಡ್ಡದೊಂದು ತಂಗುದಾಣ ಕಟ್ಟಿದ್ದರು. ಯುದ್ಧ ಮುಗಿದು ಬ್ಯಾರಕ್ಕುಗಳು ಖಾಲಿಯಾಗುತ್ತಿದ್ದಂತೆ ದೇಶವೇ ಒಡೆಯಿತು. ಪಂಜಾಬ್, ಬಂಗಾಳಗಳು ಹೋಳಾದವು. ಸಿಂಧ್ ಮಾತ್ರ ಇಡಿಯಾಗಿ ಪಾಕಿಸ್ತಾನದ ಪಾಲಾಯಿತು. ಪಂಜಾಬಿಗಳಿಗೂ ಬಂಗಾಳಿಗಳಿಗೂ ಗಡಿಯ ಈಚೆ ತಮ್ಮ ಭಾಷೆಯ ನೆಲವಿತ್ತು, ಸಿಂಧಿ ಹಿಂದೂಗಳಿಗೆ ಅದೂ ಇರಲಿಲ್ಲ. 1948ರ ಜನವರಿಯಲ್ಲಿ ಕರಾಚಿಯಲ್ಲಿ ಗಲಭೆಯಾದ ಮೇಲೆ ಹಡಗು ಹಡಗು ಜನ ಮುಂಬಯಿಗೆ ಬಂದಿಳಿದರು. ಸರ್ಕಾರ ಅವರಲ್ಲಿ ಅನೇಕರನ್ನು ಕಲ್ಯಾಣಕ್ಕೆ ಕಳಿಸಿತು. ಐದು ಕ್ಯಾಂಪುಗಳಲ್ಲಿ ಸುಮಾರು ಒಂದು ಲಕ್ಷ ಮಂದಿ ತುಂಬಿಕೊಂಡರು. ಒಂದೇ ಬ್ಯಾರಕ್ಕಿನಲ್ಲಿ ಹಲವು ಸಂಸಾರ, ನಡುವೆ ಗೋಣಿತಟ್ಟಿನ ಮರೆ. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಾಜಿ ಅಲ್ಲಿ ಅಡಿಗಲ್ಲಿಟ್ಟರು, ಊರಿಗೆ ಉಲ್ಹಾಸನಗರವೆಂಬ ಹೆಸರಾಯಿತು. ಅಲ್ಲಿನವರು ಇಂದಿಗೂ ವಿಳಾಸ ಹೇಳುವುದು ಮಾತ್ರ ಕ್ಯಾಂಪಿನ ನಂಬರು ಹಿಡಿದೇ.

ಈ ಜನರನ್ನು ಎತ್ತಿ ನಿಲ್ಲಿಸಿದ್ದು ಸರ್ಕಾರ ಹಂಚಿದ ರೇಷನ್ನಲ್ಲ. ರೇಷನ್ ಜೀವ ಉಳಿಸಿತು, ಅದು ಸಣ್ಣ ಮಾತಲ್ಲ. ಆದರೆ ಅದು ನಿಲ್ಲಲೇಬೇಕಿತ್ತು, ನಿಂತಿತು. ಉಳಿದದ್ದು ತಲೆಯ ಮೇಲಿನ ಸೂರು, ಮುಂಬಯಿಯ ಮಾರುಕಟ್ಟೆಗೆ ಒಯ್ಯುವ ರೈಲು. 1954ರ ನಿರಾಶ್ರಿತರ ಪರಿಹಾರ ಕಾಯ್ದೆ ಬಂದಮೇಲೆ ಇದ್ದ ಸೂರಿನ ಹಕ್ಕುಪತ್ರವೂ ಹಲವರ ಕೈಸೇರಿತು. ಹಪ್ಪಳ, ಉಪ್ಪಿನಕಾಯಿಯಿಂದ ಶುರುವಾದ ಊರು ಜೀನ್ಸ್ ಬಟ್ಟೆಗೆ ಹೆಸರಾದದ್ದು ಈ ತಳಹದಿಯ ಮೇಲೆ.

ಸಿಂಧಿಗಳು ಹುಟ್ಟಾ ವ್ಯಾಪಾರಿಗಳು, ಎಲ್ಲಿ ಬಿಟ್ಟರೂ ಬದುಕುತ್ತಿದ್ದರು ಎನ್ನುವವರಿದ್ದಾರೆ. ನಮ್ಮ ಬೈಲಕುಪ್ಪೆಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. 1960ರ ಹೊತ್ತಿಗೆ ಅಲ್ಲಿಗೆ ಬಂದ ಟಿಬೆಟನ್ನರಿಗೆ ಈ ಹವೆಯೂ ಹೊಸದು, ಈ ಬೇಸಾಯವೂ ಹೊಸದು. ಮೈಸೂರು ಸರ್ಕಾರ ಸುಮಾರು 3,000 ಎಕರೆ ಕೊಟ್ಟಿತು. ಅವರು ಕಾಡು ಸವರಿ ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿಕೊಂಡರು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: 1954ರ ಕಾಯ್ದೆ ಪರಿಹಾರವನ್ನು ಅಳೆದದ್ದು ಸಿಂಧಿನಲ್ಲಿ ಬಿಟ್ಟುಬಂದ ಆಸ್ತಿಯ ಮೇಲೆ. ಅಲ್ಲೂ ಏನೂ ಇಲ್ಲದಿದ್ದವರು ಇಲ್ಲಿ ಏನನ್ನು ಕೇಳಬೇಕಿತ್ತು? ಇದನ್ನು ಒಪ್ಪಲೇಬೇಕು. ಉಲ್ಹಾಸನಗರದಲ್ಲಿ ಅನಧಿಕೃತ ಕಟ್ಟಡಗಳೂ ಎಷ್ಟು ಬೆಳೆದವೆಂದರೆ 2006ರಲ್ಲಿ ಅವನ್ನು ಸಕ್ರಮಗೊಳಿಸಲು ಈ ಒಂದೇ ಊರಿಗಾಗಿ ಕಾಯ್ದೆ ಮಾಡಬೇಕಾಯಿತು. ಆದರೂ ಈ ಲೋಪಗಳು ಹೇಳುವುದು ಹಕ್ಕು ಕೊಟ್ಟದ್ದು ಸಾಲಲಿಲ್ಲ ಎಂದೇ ಹೊರತು ಕೊಟ್ಟದ್ದೇ ತಪ್ಪೆಂದಲ್ಲ.

ಹಕ್ಕಿಲ್ಲದೆ ಬರಿಯ ಹಣ ಕೊಟ್ಟರೆ ಏನಾಗುತ್ತದೆಂಬುದಕ್ಕೂ ದೂರ ಹೋಗಬೇಕಿಲ್ಲ. ನವಿ ಮುಂಬಯಿ ಕಟ್ಟಲು 1970ರಲ್ಲಿ ಸಿಡ್ಕೊ ಎಂಬ ಸರ್ಕಾರಿ ನಿಗಮ ಹುಟ್ಟಿತು. 95 ಹಳ್ಳಿಗಳ ಆಗ್ರಿ, ಕೋಳಿ ಸಮುದಾಯಗಳ ಗದ್ದೆ, ಉಪ್ಪಿನ ಮಡಿಗಳು ನಗರದ ಪಾಲಾದವು. ಇವರು ಗಡಿ ದಾಟಿ ಬಂದವರಲ್ಲ, ಗಲಭೆಗೆ ಹೆದರಿ ಓಡಿದವರಲ್ಲ. ಇದ್ದಲ್ಲೇ ನೆಲೆ ಕಳೆದುಕೊಂಡವರು. ಕೈಗೆ ಬಂದ ದುಡ್ಡು ಕರಗಿತು, ಪಕ್ಕದಲ್ಲೇ ನೆಲದ ಬೆಲೆ ಏರಿತು. ದಿ. ಬಾ. ಪಾಟೀಲರ ನಾಯಕತ್ವದಲ್ಲಿ ರೈತರು ಬೀದಿಗಿಳಿದಾಗ, 1984ರ ಜನವರಿ 16 ಮತ್ತು 17ರಂದು ಉರಣ್ ಸೀಮೆಯಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಕಳೆದುಕೊಂಡ ಜಮೀನಿಗೆ ಬದಲಾಗಿ ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ನಿವೇಶನ ಕೊಡಲು ಸರ್ಕಾರ ಒಪ್ಪಿದ್ದು ಅದಾದ ಮೇಲೆಯೇ.